ಕೂಗು ಕೇಳುವಷ್ಟು ದೂರ

ತುಮಕೂರಿನಲ್ಲಿ ನನ್ನದೊಂದು ನೇಮ್ ಪ್ಲೇಟ್ ಅಂಗಡಿಯಿದೆ. ವಕೀಲರ ಹೆಸರು, ಡಾಕ್ಟರ ಹೆಸರು, ಹೊಸ ಮನೆಗಳ ಹೆಸರು, ದೇವಸ್ಥಾನಕ್ಕೆ ಗಂಟೆ ಕೊಟ್ಟವರ ಹೆಸರು, ಎಲ್ಲವನ್ನೂ ಹಿತ್ತಾಳೆಯ ಮೇಲೋ ಸ್ಟೀಲಿನ ಮೇಲೋ ಕೊರೆದುಕೊಡುವುದು ನನ್ನ ಕೆಲಸ. ಈಗೆಲ್ಲ ಮೆಷಿನ್ನೇ ಕೊರೆಯುತ್ತದೆ. ಆದರೂ ಕೈಯಲ್ಲಿ ಉಳಿ ಹಿಡಿಯುವುದನ್ನು ನಾನು ಬಿಟ್ಟಿಲ್ಲ.

ಹೋದ ವರ್ಷ ಶ್ರಾವಣ ಮುಗಿದ ಮೇಲೆ ಒಬ್ಬರು ಅಂಗಡಿಗೆ ಬಂದರು. ಅರವತ್ತು ದಾಟಿದ ವಯಸ್ಸು, ಒಪ್ಪವಾಗಿ ಕತ್ತರಿಸಿದ ಬಿಳಿ ಗಡ್ಡ, ಮೈತುಂಬ ಜೇಬುಗಳಿದ್ದ ಜಾಕೆಟ್ಟು.

"ಹಿತ್ತಾಳೆ ಪ್ಲೇಟ್ ಬೇಕಮ್ಮ. ಎಲ್ಲಾ ಒಂದೇ ಸೈಜು. ಮೂವತ್ತಕ್ಕೆ ಒಂದು ಕಮ್ಮಿ," ಅಂದರು.

ಫೋನ್ ತೆಗೆದು ಫೋಟೋ ತೋರಿಸಿದರು. ಗೋಡೆಯ ತುಂಬ ಪ್ರಾಣಿಗಳ ತಲೆಗಳು. ಅಂಥ ಕೊಂಬುಗಳನ್ನು ನಾನು ನೋಡಿರಲಿಲ್ಲ. ಕೆನಡಾದಲ್ಲಿ ಲಾರಿ ಬಿಸಿನೆಸ್ ಮಾಡಿಕೊಂಡಿದ್ದರಂತೆ. ಅಲ್ಲಿ ಬೇಟೆಗಾರರಿಗೆ ಒಂದು ಹಟವಿದೆ ಎಂದು ವಿವರಿಸಿದರು. ಆ ಖಂಡದಲ್ಲಿರುವ ದೊಡ್ಡ ಪ್ರಾಣಿಗಳ ಅಷ್ಟೂ ಬಗೆಯಲ್ಲಿ ಒಂದೊಂದನ್ನು ತಮ್ಮ ಕೈಯಿಂದಲೇ ಹೊಡೆಯಬೇಕು. ಕರಡಿಯಲ್ಲೇ ನಾಲ್ಕು ಬಗೆ, ಬೆಟ್ಟದ ಕಾಡುಕುರಿಯಲ್ಲಿ ನಾಲ್ಕು ಬಗೆ, ಆಮೇಲೆ ಮೂಸ್, ಎಲ್ಕ್, ಕ್ಯಾರಿಬೂ ಅನ್ನುವ ದೊಡ್ಡ ಜಿಂಕೆಗಳು, ಕಾಡೆಮ್ಮೆ. ಜೀವಮಾನವೆಲ್ಲ ಅಲೆದರೂ ಮುಗಿಸದವರೇ ಜಾಸ್ತಿ. ಇವರು ಮುಗಿಸಿದ್ದರು. ಈಗ ಊರಿಗೆ ವಾಪಸ್ ಬಂದು ಮಾರ್ಕೋನಹಳ್ಳಿ ಡ್ಯಾಮಿನ ಹಿನ್ನೀರಿನ ಹತ್ತಿರ ತೋಟದ ಮನೆ ಕಟ್ಟಿಸಿದ್ದರು. ಪರ್ಮಿಟ್ ಮಾಡಿಸಿ ತಂದ ತಲೆಗಳನ್ನು, ತರಲಾಗದವುಗಳ ದೊಡ್ಡ ದೊಡ್ಡ ಫೋಟೋಗಳನ್ನು ಮನೆಯ ದೊಡ್ಡ ಹಾಲ್‌ನಲ್ಲಿ ಸಾಲಾಗಿ ಹಾಕಿ, ಪ್ರತಿಯೊಂದರ ಕೆಳಗೂ ಪ್ರಾಣಿಯ ಹೆಸರು, ಹೊಡೆದ ಜಾಗ, ಎಷ್ಟು ದೂರದಿಂದ ಹೊಡೆದದ್ದು, ಇಷ್ಟನ್ನು ಕನ್ನಡದಲ್ಲಿ ಬರೆಸಬೇಕೆಂದು ಅವರ ಆಸೆ.

"ನಮ್ಮೋರು ಬಂದು ಓದ್ಬೇಕು. ಗುಬ್ಬಿಯೋರು ನಾವು," ಎಂದು ಕಾರ್ಡ್ ಕೊಟ್ಟರು.

ಕಾರ್ಡಿನಲ್ಲಿದ್ದ ಅವರ ಹೆಸರನ್ನೂ ಮನೆತನದ ಹೆಸರನ್ನೂ ಓದಿದೆ. ಗುಬ್ಬಿಯಲ್ಲಿ ಅಡಿಕೆ ಮಂಡಿ ಇಟ್ಟಿರುವ ಮನೆ ಅದು. ಎರಡು ಹೆಸರನ್ನೂ ಅಪ್ಪನ ಬಾಯಲ್ಲಿ ಕೇಳಿ ಬೆಳೆದಿದ್ದೆ. ಆಮೇಲೆ ಹೇಳಿದೆ, "ಮಾಡ್ಕೊಡ್ತೀನಿ ಸರ್. ಆದ್ರೆ ಜಾಗಕ್ಕೆ ಬಂದು ಅಳತೆ ತಗೋಬೇಕು."

ಅಪ್ಪ ಊರ್ಡಿಗೆರೆ ಕಡೆಯ ಕಾಡಿನಲ್ಲಿ ದಿನಗೂಲಿಗೆ ವಾಚರ್ ಆಗಿದ್ದರು. ನಾನಿನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಗುಬ್ಬಿಯ ಮಂಡಿಯವರ ಇಬ್ಬರು ಮಕ್ಕಳು ಜೀಪಿನಲ್ಲಿ ಕಾಡುಹಂದಿ ಹೊಡೆಯಲು ಕದ್ದು ಬಂದಿದ್ದರು. ಅಪ್ಪ ಜೀಪಿನ ಸದ್ದು ಕೇಳಿ, "ಯಾರ್ರೀ ಅದು, ನಿಲ್ಸಿ," ಎಂದು ಕೂಗುತ್ತ ಹೋದರು. "ನಾನು ಕೂಗಿದೆ, ಅವ್ರು ನಕ್ರು, ಆಮೇಲೆ ಗುಂಡು ಬಂತು," ಎಂದು ಅಪ್ಪ ಸಾಯುವವರೆಗೂ ಇದೇ ಕ್ರಮದಲ್ಲಿ ಹೇಳುತ್ತಿದ್ದರು. ಬಲ ಮೊಣಕಾಲಿನ ಚಿಪ್ಪು ಪುಡಿಯಾಗಿತ್ತು. ಕಾಡು ಸುತ್ತಲಾಗದ ಮೇಲೆ ಕೆಲಸವೂ ಉಳಿಯಲಿಲ್ಲ.

ಕಾಲು ಹೋದದ್ದನ್ನು ಅಪ್ಪ ಹೇಗೋ ನುಂಗಿಕೊಂಡರು. ನುಂಗಲಾರದ್ದು ಬೇರೆ ಇತ್ತು. ಗುಂಡು ಹೊಡೆದವನ ಅಣ್ಣ ಊರ್ಡಿಗೆರೆಗೆ ಬಂದು, ಅರಳಿಕಟ್ಟೆಯ ಮೇಲೆ ಕೂತು, ವಾಚರ್ ಕುಡಿದು ಪೊದೆಯಲ್ಲಿ ಬಿದ್ದಿದ್ದ, ಹಂದಿ ಅಂದುಕೊಂಡೆವು ಎಂದು ಹೇಳಿ ಹೋದ. ದೊಡ್ಡ ಮನೆಯವರ ಮಾತು, ಜನ ನಂಬಿದರು. ನೋಡಿದವರು ಯಾರೂ ಇರಲಿಲ್ಲವಾದ್ದರಿಂದ ಕೇಸೂ ನಿಲ್ಲಲಿಲ್ಲ. ಅಪ್ಪ ಲಿಂಗಪೂಜೆ ಮಾಡದೆ ನೀರು ಕುಡಿದವರಲ್ಲ. ಹೆಂಡದ ಅಂಗಡಿಯ ಬೀದಿಯಲ್ಲೂ ನಡೆದವರಲ್ಲ. ಆಮೇಲೆ ಮಠದಲ್ಲಿ ಪ್ರಸಾದಕ್ಕೆ ಕೂತರೆ ಪಕ್ಕದವರು ಮೂಸಿ ನೋಡಿದ ಹಾಗೆ ಅವರಿಗೆ ಅನ್ನಿಸುತ್ತಿತ್ತು. ಕ್ರಮೇಣ ಹೋಗುವುದನ್ನೇ ಬಿಟ್ಟರು. ನಾವು ಊರು ಬಿಟ್ಟು ತುಮಕೂರು ಸೇರಿದ್ದೂ ಆ ಮಾತಿನಿಂದಲೇ.

ಆ ಸಂಜೆ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದರು.

"ಅವ್ನೇನಾ?"

"ಅವ್ನೇ ಕಣಮ್ಮ. ತಮ್ಮ. ಗುಂಡು ಹೊಡ್ದೋನು."

"ಕೆಲ್ಸ ಒಪ್ಕೊಂಡ್ಯಾ?"

"ಒಪ್ಕೊಂಡೆ."

ಅಮ್ಮ ಬೇಡವೆನ್ನಬಹುದು ಎಂದುಕೊಂಡಿದ್ದೆ. ಅವರು ಸೊಪ್ಪಿನ ದಂಟನ್ನು ಪಟಕ್ಕನೆ ಮುರಿದು, "ಒಳ್ಳೇದಾಯ್ತು ಬುಡು. ಅವ್ನ ಮನೆ ಒಳಕ್ಕೆ ಹೋಗಕ್ಕೆ ದಾರಿ ಸಿಕ್ತು," ಅಂದರು.

ಕುಣಿಗಲ್ ದಾಟಿ ಅವರ ತೋಟದ ಮನೆಗೆ ಅಳತೆಗೆ ಹೋದೆ. ಹಾಲಿನ ಗೋಡೆಗೆ ಬೂದು ಬಣ್ಣದ ಕಲ್ಲು ಹಾಕಿಸಿದ್ದರು. ಆ ತಲೆಗಳ ಗಾಜಿನ ಕಣ್ಣುಗಳು ಎಲ್ಲಿ ನಿಂತರೂ ನನ್ನನ್ನೇ ನೋಡುತ್ತಿದ್ದವು. ಅವರು ಒಂದೊಂದರ ಕಥೆ ಹೇಳಿದರು. ಹಿಮದಲ್ಲಿ ಟೆಂಟ್ ಹಾಕಿದ್ದು, ಒಂದು ಕಾಡುಕುರಿ ಹೊಡೆಯುವ ಪರ್ಮಿಟ್ಟಿಗೆ ಚೀಟಿ ಎತ್ತುವಾಗ ತಮ್ಮ ಹೆಸರು ಬರಲೆಂದು ವರ್ಷಗಟ್ಟಲೆ ಕಾದದ್ದು, ಕೊನೆಯದು ಬಿದ್ದಾಗ ಮಂಡಿಯೂರಿ ಅತ್ತದ್ದು. ಪ್ರಾಣಿಗಳ ಬಗ್ಗೆ ಅವರಿಗೆ ಪ್ರೀತಿಯೇ ಇದ್ದಂತಿತ್ತು.

ಟೇಪ್ ಸುತ್ತುತ್ತ ಕೇಳಿದೆ, "ಮೊದಲನೇ ಬೇಟೆ ಯಾವ್ದು ಸರ್?"

ಅವರು ನಕ್ಕರು. "ಅದು ಇಲ್ಲೇ ಕಣಮ್ಮ, ಊರ್ಡಿಗೆರೆ ಕಡೆ. ಹಂದಿಗೆ ಅಂತ ಹೋಗಿದ್ವಿ. ಯಾವನೋ ಒಬ್ಬ ಕುಡುಕ ಅಡ್ಡ ಬಂದು ಕಾಲಿಗೆ ತಾಕ್ಬಿಡ್ತು. ಆಗ್ಲೇ ನಾನು ಲೆಸನ್ ಕಲ್ತಿದ್ದು. ಗುರಿ ಕ್ಲಿಯರ್ ಆಗಿ ಕಾಣೋವರ್ಗೂ ಟ್ರಿಗರ್ ಮುಟ್ಬಾರ್ದು ಅಂತ. ಇವತ್ತಿನ್ವರ್ಗೂ ಮುಟ್ಟಿಲ್ಲ."

ನಮ್ಮಪ್ಪನ ಕಾಲು ಇವನಿಗೊಂದು ಪಾಠವಾಗಿತ್ತು. ಆ ಪಾಠ ಕಲಿತು ಈ ಗೋಡೆಯನ್ನೆಲ್ಲ ತುಂಬಿಸಿದ್ದ. ನಾನು ತಲೆ ಬಗ್ಗಿಸಿ ಅಳತೆ ಬರೆದುಕೊಂಡೆ. ಒಂದು ಅಂಕಿಯನ್ನು ಎರಡು ಸಲ ತಿದ್ದಬೇಕಾಯಿತು.

ಮನೆಗೆ ಬಂದ ಮೇಲೆ ಏನೇನೋ ಯೋಚಿಸಿದೆ. ಹಿತ್ತಾಳೆಗೆ ಲ್ಯಾಕರ್ ಹೊಡೆಯದೆ ಕೊಟ್ಟರೆ ಹಿನ್ನೀರಿನ ತೇವಕ್ಕೆ ಬೇಗ ಕಪ್ಪಾಗುತ್ತದೆ. ಹೆಸರುಗಳನ್ನು ಅದಲುಬದಲು ಮಾಡಿದರೆ ನಗೆಪಾಟಲಾಗುತ್ತದೆ. ಎಲ್ಲ ಚಿಲ್ಲರೆ ಅನ್ನಿಸಿತು. ಕೊನೆಗೆ ಅವರ ಪ್ಲೇಟುಗಳನ್ನೆಲ್ಲ ಒಂದು ಒತ್ತಕ್ಷರವೂ ತಪ್ಪದಂತೆ ಮಾಡಿದೆ. ಆಮೇಲೆ ಅದೇ ಹಿತ್ತಾಳೆಯಲ್ಲಿ, ಅದೇ ಅಳತೆಯಲ್ಲಿ, ಇನ್ನೊಂದು ಪ್ಲೇಟನ್ನು ಮೆಷಿನ್ನಿಗೆ ಕೊಡದೆ ಕೈಯಲ್ಲೇ ಕೊರೆದೆ.

ಮನುಷ್ಯ
ಊರ್ಡಿಗೆರೆ ಕಾಡು
ಕೂಗು ಕೇಳುವಷ್ಟು ದೂರ
ಕುಡಿದಿರಲಿಲ್ಲ

ಅಮ್ಮ ಬೆರಳಿನಿಂದ ಅಕ್ಷರಗಳನ್ನು ಸವರಿ ನೋಡಿದರು. "ಕೊನೇ ಸಾಲು ಇನ್ನೊಸಿ ಆಳ ಮಾಡು," ಅಂದರು. ಮಾಡಿದೆ.

ಹಾಲಿನ ಪ್ರಾರಂಭೋತ್ಸವಕ್ಕೆ ನನ್ನನ್ನೂ ಕರೆದಿದ್ದರು. ಅಮ್ಮನನ್ನು ಕರೆದುಕೊಂಡು ಬೆಳಿಗ್ಗೆಯೇ ಹೋದೆ. ಪ್ಲೇಟುಗಳನ್ನು ಒರೆಸಿ, ಸಡಿಲವಾದವನ್ನು ಬಿಗಿ ಮಾಡಿ ಕೊಡುತ್ತೇನೆ ಎಂದು ಹೇಳಿದ್ದರಿಂದ ಯಾರೂ ಏನೂ ಕೇಳಲಿಲ್ಲ. ಬಾಗಿಲ ಪಕ್ಕ, ಸಾಲು ಶುರುವಾಗುವ ಮುಂಚೆ, ಖಾಲಿ ಗೋಡೆಯಿತ್ತು. ಡ್ರಿಲ್ ಮಾಡಿ, ಕಲ್ಲಿಗೆ ಅಂಟು ಮೆತ್ತಿ, ನನ್ನ ಪ್ಲೇಟ್ ಕೂರಿಸಿದೆ. ಸ್ಕ್ರೂಗಳ ತಲೆಯನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದೆ, ಯಾವ ಸ್ಕ್ರೂಡ್ರೈವರೂ ಹಿಡಿಯದ ಹಾಗೆ. ಅದರ ಮೇಲೆ ಚೆಂಡುಹೂವಿನ ಹಾರ ಇಳಿಬಿಟ್ಟೆ.

ಹನ್ನೊಂದರ ಹೊತ್ತಿಗೆ ಗುಬ್ಬಿಯಿಂದ, ಕುಣಿಗಲ್ಲಿನಿಂದ ಕಾರುಗಳು ಬಂದವು. ಮಂಡಿಯವರು, ನೆಂಟರು, ಕೆನಡಾದಿಂದ ಬಂದಿದ್ದ ಒಬ್ಬ ಬೇಟೆಯ ಸ್ನೇಹಿತ. ಬೇಟೆಗಾರನ ಅಣ್ಣನೂ ಬಂದಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಕೈಯಲ್ಲಿ ಊರುಗೋಲು. ಅಮ್ಮ ಅವರನ್ನು ನೋಡಿದ ತಕ್ಷಣ ನನ್ನ ಮಣಿಕಟ್ಟು ಹಿಡಿದುಕೊಂಡರು.

ಬೇಟೆಗಾರ ಎಲ್ಲರನ್ನೂ ಬಾಗಿಲ ಹತ್ತಿರ ನಿಲ್ಲಿಸಿ, "ಇಲ್ಲಿಂದ ಶುರು ಮಾಡಣ," ಎಂದು ಮಾತಿಗೆ ತೊಡಗಿದರು. ನಾನು ಹೋಗಿ ಹಾರ ಸರಿಸಿದೆ. ಮುಂದೆ ನಿಂತಿದ್ದ ಗುಬ್ಬಿಯ ವ್ಯಾಪಾರಿಯೊಬ್ಬರು, ಕನ್ನಡಕ ಸರಿಮಾಡಿಕೊಂಡು, ಅದೂ ಕಾರ್ಯಕ್ರಮದ ಭಾಗವೆಂದುಕೊಂಡು ಗಟ್ಟಿಯಾಗಿ ಓದಿದರು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವರ ದನಿ ತಗ್ಗಿತ್ತು.

"ಇದ್ಯಾರು ಹಾಕಿದ್ದು?" ಬೇಟೆಗಾರ ಕೇಳಿದರು.

"ನಾನು ಸರ್. ಮೊದಲನೇ ಬೇಟೆ ಯಾವ್ದು ಅಂತ ನೀವೇ ಹೇಳಿದ್ರಲ್ಲ. ಆ ವಾಚರ್ ಮಗಳು ನಾನು."

ಅವರು ವಾಚ್‌ಮನ್‌ನನ್ನು ಕರೆದು ಕೀಳಲು ಹೇಳಿದರು. ಅವನು ಸ್ಕ್ರೂಡ್ರೈವರ್ ತಂದು ತಡಕಾಡಿ, "ಹಿಡಿತಾ ಇಲ್ಲ ಸರ್," ಅಂದ. ಅಷ್ಟು ಜನರ ಎದುರು ಅವನು ಗೋಡೆ ಕೆರೆಯುತ್ತ ನಿಂತದ್ದನ್ನು ನಾನು ಕಣ್ತುಂಬ ನೋಡಿದೆ.

"ನೋಡಮ್ಮ, ಅದು ಗೊತ್ತಿಲ್ದೆ ಆಗಿದ್ದು. ಕೈ ತಪ್ಪಿ ಆಗಿದ್ದು," ಎಂದು ಬೇಟೆಗಾರ ನನ್ನತ್ತ ತಿರುಗಿದರು.

ಉತ್ತರ ಕೊಟ್ಟದ್ದು ಅಮ್ಮ. "ಗುಂಡು ಕೈ ತಪ್ಪಿ ಬಂತು ಅಂತ್ಲೇ ಇಟ್ಕೊಳ್ಳಣ. ಮಾತು ಹೆಂಗಪ್ಪ ಕೈ ತಪ್ತದೆ?"

ಆಮೇಲೆ ಅವರು ಬೇಟೆಗಾರನನ್ನು ಬಿಟ್ಟು ನೇರ ಅಣ್ಣನ ಮುಂದೆ ಹೋಗಿ ನಿಂತರು. "ನೀವೂ ಜೀಪಲ್ಲಿದ್ರಿ. ಅರಳಿಕಟ್ಟೇಲಿ ಕೂತು ಹೇಳಿದ್ದೂ ನೀವೇ. ಅವತ್ತು ಕುಡ್ದಿದ್ದೋರು ಯಾರು? ಲಿಂಗ ಮುಟ್ಕೊಂಡು ಹೇಳಿ."

ಆ ಮುದುಕರ ಕೈ ಕರಡಿಗೆಯವರೆಗೆ ಹೋಗಿ, ಮುಟ್ಟದೆ, ಮತ್ತೆ ಊರುಗೋಲಿಗೆ ಇಳಿಯಿತು. ತಮ್ಮ, "ಅಣ್ಣ, ನೀನು ಸುಮ್ನಿರು," ಅಂದರು. ಅಣ್ಣ ನೆಲ ನೋಡುತ್ತ, "ನಾವು ಕಣಮ್ಮ. ಕುಡ್ದಿದ್ದು ನಾವು. ಆಯಪ್ಪ ಕೂಗ್ತಿದ್ದಿದ್ದೂ ಕೇಳ್ಸಿತ್ತು," ಅಂದರು.

ಕೆನಡಾದ ಸ್ನೇಹಿತ ಪಕ್ಕದವರನ್ನು ಏನಂತೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವರು ಹೇಳಿದ ಮೇಲೆ ಅವನು ಬೇಟೆಗಾರನ ಪಕ್ಕದಿಂದ ಸರಿದು ಕಿಟಕಿಯ ಹತ್ತಿರ ಹೋಗಿ ನಿಂತ. ಜನ ಒಬ್ಬೊಬ್ಬರೇ ಹೊರಗೆ ನಡೆದರು. ಹೊರಗೆ ಬಾಳೆಲೆ ಹಾಕಿ ಪಾಯಸ ಬಡಿಸಿದ್ದರು. ಗುಬ್ಬಿಯವರು ಹೆಚ್ಚಿನವರು ಕೂರಲಿಲ್ಲ.

ವಾಪಸ್ ಬರುತ್ತ ಕುಣಿಗಲ್ಲಿನ ಒಂದು ಹೋಟೆಲಿನಲ್ಲಿ ನಿಲ್ಲಿಸಿದೆ. ಅಮ್ಮ ತಟ್ಟೆ ಇಡ್ಲಿ ತಿಂದು, ಮತ್ತೊಂದು ಹಾಕಿಸಿಕೊಂಡರು. ಅಳುತ್ತಾರೇನೋ ಎಂದು ನಾನು ಮುಖ ನೋಡುತ್ತಿದ್ದೆ. "ಆ ಮುದ್ಕನ್ನ ಇನ್ನೊಂದು ಮಾತು ಕೇಳ್ಬೇಕಾಗಿತ್ತು, ಮರ್ತೋಯ್ತು," ಎಂದು ಚಟ್ನಿಯನ್ನು ಹತ್ತಿರ ಎಳೆದುಕೊಂಡರು.

ಬೇಟೆಗಾರ ಫೋನ್ ಮಾಡಿ ಕೇಸ್ ಹಾಕುತ್ತೇನೆ ಎಂದು ಹೆದರಿಸಿದರು. "ಹಾಕಿ ಸರ್, ಕೋರ್ಟಲ್ಲಿ ಅದನ್ನ ಇನ್ನೊಂದ್ ಸಲ ಓದ್ತಾರೆ," ಅಂದೆ. ಹಾಕಲಿಲ್ಲ. ಪ್ಲೇಟನ್ನು ಗ್ರೈಂಡರಿನಿಂದ ಕೊಯ್ಯಿಸಿದರಂತೆ, ಕಲ್ಲೂ ಒಡೆದು ಬಂತಂತೆ. ಹಾಲಿಗೆ ಈಗ ಬೀಗ ಹಾಕಿದೆ, ಅವರು ಮತ್ತೆ ಕೆನಡಾಕ್ಕೆ ಹೋಗಿದ್ದಾರೆ ಎಂದು ಅಡಿಕೆ ವ್ಯಾಪಾರದ ಗಿರಾಕಿಯೊಬ್ಬರು ಹೇಳಿದರು. ಇಂಥದ್ದೆಲ್ಲ ಮಾಡಿದ ಮೇಲೆ ಮನಸ್ಸು ಖಾಲಿಯಾಗುತ್ತದೆ ಎಂದು ತಿಳಿದವರು ನನಗೆ ಹೇಳುತ್ತಿರುತ್ತಾರೆ. ನನಗೆ ಹಾಗಾಗಲಿಲ್ಲ. ನಾನು ಚೆನ್ನಾಗಿ ನಿದ್ದೆ ಮಾಡಿದೆ, ಈಗಲೂ ಮಾಡುತ್ತೇನೆ.

ದೀಪಾವಳಿ ಆದ ಮೇಲೆ ಅಣ್ಣ ನಮ್ಮ ಮನೆಗೇ ಬಂದರು. ಹಣ್ಣಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು, "ತಪ್ಪಾಯ್ತು ತಾಯಿ, ಕ್ಷಮಿಸ್ಬೇಕು," ಅಂದರು. ಅಮ್ಮ ಕೂತ ಕುರ್ಚಿಯಿಂದ ಏಳಲಿಲ್ಲ, ಅವರನ್ನು ಕೂರಿಸಲೂ ಇಲ್ಲ.

"ನಂಗ್ಯಾಕೆ ಹೇಳ್ತೀರಿ? ಅವ್ರು ಕುಡೀತಿರ್ಲಿಲ್ಲ ಅಂತ ನಂಗೆ ಗೊತ್ತಿತ್ತು. ಊರ್ಡಿಗೆರೆಗೆ ಹೋಗಿ, ಅದೇ ಕಟ್ಟೆ ಮೇಲೆ ಕೂತು, ಅಲ್ಲಿ ಜನಕ್ಕೆ ಹೇಳಿ. ಆಮೇಲೆ ಬನ್ನಿ, ಕಾಫಿ ಕೊಡ್ತೀನಿ."

ಅವರು ಬುಟ್ಟಿಯನ್ನು ತೆಗೆದುಕೊಂಡೇ ಹೋದರು. ಇಲ್ಲಿಯವರೆಗೆ ಊರ್ಡಿಗೆರೆಗೆ ಹೋಗಿಲ್ಲ. ಆ ಕಡೆಯಿಂದ ಅಂಗಡಿಗೆ ಯಾರೇ ಬಂದರೂ ಅವರನ್ನು ಮನೆಗೆ ಕಳಿಸು ಎಂದು ಅಮ್ಮ ನನಗೆ ಹೇಳಿಟ್ಟಿದ್ದಾರೆ. ಬಂದವರನ್ನು ಕೂರಿಸಿ, ನೀರು ಕೊಟ್ಟು, ಮಳೆ ಬೆಳೆ ವಿಚಾರಿಸುವ ಮೊದಲೇ ಕೇಳುತ್ತಾರೆ, "ಗುಬ್ಬಿ ಮುದುಕ ಬಂದಿದ್ನಾ?"