ವಿದ್ಯಾವತಿ ಟೀಚರ್ ತಿಂದ ಆರು ಕಡಬು

ಚೀನಾದಿಂದ ಬಂದ ಮೇಲೆ ವಿದ್ಯಾವತಿ ಟೀಚರ್‌ಗೆ ಮಠದ ದಾಸೋಹದಲ್ಲಿ ಸಿಕ್ಕ ಕೆಲಸ ಪುಂಡಿಪಲ್ಯ ಸೋಸುವುದು, ಅಂದರೆ ಕಡ್ಡಿಯಿಂದ ಸೊಪ್ಪು ಬಿಡಿಸುವುದು. ಅದೂ ಅಡುಗೆಮನೆಯ ಒಳಗಲ್ಲ, ಹೊರಗೆ ನೀರಿನ ಟಾಕಿಯ ಪಕ್ಕದ ಕಟ್ಟೆಯ ಮೇಲೆ. ಹೋಗುವ ಮೊದಲು ಎಂಟು ವರ್ಷ ಅವರು ಪ್ರತಿ ರವಿವಾರ ಹುಮನಾಬಾದಿನಿಂದ ಮೊದಲ ಬಸ್ಸಿಗೆ ಬಸವಕಲ್ಯಾಣಕ್ಕೆ ಬಂದು, ನನ್ನ ಪಕ್ಕದ ಹಂಚಿನ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದವರು. ಪ್ರಸಾದದ ರೊಟ್ಟಿ ಬಡಿಯುವುದೊಂದೇ ತನಗೆ ಗೊತ್ತಿರುವ ಪೂಜೆ ಎಂದು ಒಮ್ಮೆ ಹೇಳಿದ್ದರು. ಈಗ ಆ ಹಂಚಿನ ಮುಂದೆ ಬೇರೆ ಯಾರೋ ಕೂರುತ್ತಾರೆ.

ಅಡುಗೆಮನೆಯ ಹಿರಿಯರು ರುಕ್ಮಿಣಿಬಾಯಿ. ಎಪ್ಪತ್ತು ದಾಟಿದವರು, ಬಿರುಸು ಮಾತು. ಮಾಂಸ ತಿಂದ ಕೈ ಪ್ರಸಾದದ ಹಿಟ್ಟಿಗೆ ತಾಗಬಾರದು ಎಂಬುದು ಅವರ ಕಟ್ಟುನಿಟ್ಟು. ಟೀಚರ್ ಬಂದ ಮೊದಲ ರವಿವಾರ ಅವರು ಬೇರೇನೂ ಕೇಳಲಿಲ್ಲ. ಎರಡು ವರ್ಷ ಆ ದೇಶದಲ್ಲಿ ಇದ್ದೆಯಲ್ಲ, ಏನು ತಿಂದಿ ಎಂದು ಮಾತ್ರ ಕೇಳಿದರು. ಟೀಚರ್ ಸೆರಗು ಸರಿಮಾಡಿಕೊಂಡರು. ಅವತ್ತೇ ಪಲ್ಯದ ಬುಟ್ಟಿ ಅವರ ಮುಂದೆ ಬಂತು.

ಬರೀ ರುಕ್ಮಿಣಿಬಾಯಿ ಅಲ್ಲ, ಎಲ್ಲರೂ ಅದನ್ನೇ ಕೇಳುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರ್, ಶಾಲೆಯಲ್ಲಿ ಹೆಡ್‌ಮಾಸ್ತರು, ಮನೆಯಲ್ಲಿ ಅತ್ತಿಗೆಯ ತವರಿನವರು. ಹಾವು ತಿಂತಾರಂತಲ್ರಿ, ಕಪ್ಪಿ ತಿಂತಾರಂತಲ್ರಿ. ಮೊದಮೊದಲು ಟೀಚರ್ ನಗುತ್ತಿದ್ದರು. ಆಮೇಲೆ ನಗುವುದನ್ನೂ ಬಿಟ್ಟರು.

ಒಂದು ರವಿವಾರ ನನ್ನ ರೊಟ್ಟಿಯ ಪಾಳಿ ಬೇಗ ಮುಗಿಯಿತು. ಹೋಗಿ ಅವರ ಜೊತೆ ಪಲ್ಯ ಸೋಸುತ್ತ ಕೂತೆ. ನಾನೇನೂ ಕೇಳಲಿಲ್ಲ. ಅದಕ್ಕೇ ಇರಬೇಕು, ಅವರಾಗಿಯೇ ಹೇಳಿದರು.

ಟೀಚರ್ ಚಿಟಗುಪ್ಪದ ಕಡೆಯವರು. ತಂದೆ ತಾಯಿ ಬೇಗ ಹೋದರು. ಅಣ್ಣ ಬಸವಣಪ್ಪ ಹುಮನಾಬಾದಿಗೆ ಕರೆತಂದು ಬಿ.ಎಡ್. ಮಾಡಿಸಿದರು. ಹದಿನಾಲ್ಕು ವರ್ಷ ಒಂದೇ ಖಾಸಗಿ ಹೈಸ್ಕೂಲಿನಲ್ಲಿ ಗಣಿತ. ಲಗ್ನದ ಮಾತುಗಳು ಬಂದವು, ಹೋದವು, ಮೂವತ್ತೈದರ ನಂತರ ಬರುವುದೇ ನಿಂತಿತು. ಅದೇ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ಸೈಮಾ ಮೊದಲು ಚೀನಾದ ಕೆಲಸಕ್ಕೆ ಅರ್ಜಿ ಹಾಕಿದ್ದು. ಇಂಗ್ಲಿಷಿನಲ್ಲಿ ಪಾಠ ಹೇಳುವವರು ಬೇಕು, ಇರಲು ಶಾಲೆಯದೇ ಕೋಣೆ. ಒಬ್ಬಳೇ ಹೋಗುವುದಿಲ್ಲ ಎಂದು ಆಕೆ ಇವರನ್ನೂ ಹೊರಡಿಸಿದಳು.

ಉತ್ತರದ ಚಳಿಯ ಊರು. ನವೆಂಬರಿನಲ್ಲೇ ನಲ್ಲಿಯ ನೀರು ಮುಟ್ಟಲಾಗುತ್ತಿರಲಿಲ್ಲ. ಅಲ್ಲಿ ಮಧ್ಯಾಹ್ನ ಊಟವಾದ ಮೇಲೆ ಇಡೀ ಶಾಲೆ ಮಲಗುತ್ತದೆ. ಮಕ್ಕಳು ಡೆಸ್ಕಿನ ಮೇಲೆ ತಲೆಯಿಟ್ಟು, ಮೇಷ್ಟ್ರುಗಳು ಕುರ್ಚಿಯಲ್ಲಿ. ಇವರಿಬ್ಬರಿಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ. ಎಲ್ಲರೂ ಥರ್ಮಾಸಿನಿಂದ ಬರೀ ಬಿಸಿನೀರು ಕುಡಿಯುತ್ತಾರೆ, ಬೇಸಿಗೆಯಲ್ಲೂ. ಊಟದ ಮೇಜಿನಲ್ಲಿ ದೊಡ್ಡವರ ಲೋಟಕ್ಕೆ ನಮ್ಮ ಲೋಟ ತಾಗಿಸುವಾಗ ನಮ್ಮದು ಒಂದು ಬೆರಳು ಕೆಳಗಿರಬೇಕು. ಪಾಲಕರು ಕೊಟ್ಟ ಹಣ್ಣಿನ ಬುಟ್ಟಿಯನ್ನು ಎರಡು ಸಲ ಬೇಡವೆಂದು ಮೂರನೇ ಸಲ ತಗೋಬೇಕು. ಟೀಚರ್ ಮೊದಲನೇ ಸಲಕ್ಕೇ ತಗೊಂಡಿದ್ದರಂತೆ. ಸೈಮಾ ಹದಿನೈದು ದಿನ ಅದನ್ನೇ ಹೇಳಿ ಕಾಡಿದಳಂತೆ. ಕೋಣೆಯಲ್ಲಿ ಇಬ್ಬರೂ ಒಂದೇ ಕುಕ್ಕರಿನಲ್ಲಿ ಅನ್ನ, ಒಂದೇ ಬುಟ್ಟಿಯ ಎಲೆಕೋಸು. ಇವರಿಗೆ ಮಾಂಸವೇ ಬೇಡ, ಸೈಮಾಗೆ ಹಲಾಲ್ ಅಲ್ಲದ್ದು ಬೇಡ. ಇಬ್ಬರ ಬೇಡಗಳು ಬೇರೆ ಬೇರೆ, ಊಟ ಒಂದೇ.

ಅವರ ಹೊಸ ವರ್ಷ ಬಂತು. ಶಾಲೆ ಖಾಲಿಯಾಯಿತು. ಹಬ್ಬದ ದಿನ ಯಾರೂ ಒಂಟಿಯಾಗಿ ಇರಬಾರದೆಂದು ಜೊತೆಯ ಶಿಕ್ಷಕಿಯೊಬ್ಬಳು ಇಬ್ಬರನ್ನೂ ತನ್ನ ತಾಯಿಯ ಮನೆಗೆ ಕರೆದೊಯ್ದಳು. ಆ ಮನೆಯಲ್ಲಿ ಹಬ್ಬಕ್ಕೆ ನಮ್ಮ ಕಡಬಿನಂಥದೇ ಒಂದು ತಿನಿಸು ಮಾಡುತ್ತಾರೆ. ಒಳಗೆ ಬೆಲ್ಲ ಬೇಳೆಯ ಬದಲು ಮಾಂಸ. ಭಾರತದ ಟೀಚರ್ ಮಾಂಸ ತಿನ್ನುವುದಿಲ್ಲ ಎಂದು ಮಗಳು ಹೇಳಿದ್ದಳು. ಅದಕ್ಕೆ ಆ ತಾಯಿ, ಎಂಬತ್ತು ವರ್ಷದ ಮುದುಕಿ, ಬೆಳಿಗ್ಗೆಯಿಂದ ಕೂತು ಎಲೆಕೋಸು ತುಂಬಿದ್ದನ್ನು ಬೇರೆ ಮಾಡಿದ್ದಳು. ಆದರೆ ಕುದಿಸುವ ಪಾತ್ರೆ ಒಂದೇ. ಎರಡೂ ಕಲೆತುಹೋದವು. ಮುದುಕಿಯ ಕಣ್ಣಿಗೆ ಪೊರೆ ಬಂದಿತ್ತು.

ಸೈಮಾ ಬಲು ಹುಷಾರಿ. ಹೊಟ್ಟೆ ನೋವು ಎಂದು ಮೊದಲೇ ಹೇಳಿ ಶೇಂಗಾ ತಿನ್ನುತ್ತ ಕೂತಳು. ಮುದುಕಿ ತಾನು ಉಣ್ಣುವ ಕಡ್ಡಿಗಳಿಂದಲೇ ಎರಡು ಕಡಬು ಎತ್ತಿ ಟೀಚರ್‌ನ ಬಟ್ಟಲಿಗೆ ಹಾಕಿದಳು. ಅತಿಥಿಗೆ ಹಾಗೆ ಹಾಕುವುದೇ ಅಲ್ಲಿಯ ಪ್ರೀತಿ. ಒಂದು ಕಚ್ಚಿದೊಡನೆ ಟೀಚರ್‌ಗೆ ಗೊತ್ತಾಯಿತು.

“ಉಗುಳಬೇಕಿತ್ತು,” ಎಂದರು ನನಗೆ. “ಆಕಿ ನನ್ನ ಬಾಯಿನೇ ನೋಡಾಕತ್ತಿದ್ದಳ್ರಿ ಅಕ್ಕಾ. ಬಟ್ಟಲಿಗೆ ಬಿದ್ದದ್ದು ಬಿಡಬಾರದು ಅಂತ ನಮಗ ಸಣ್ಣಾಗಿಂದ ಕಲಿಸ್ಯಾರ. ಕೈ ಹಾಂಗೇ ನಡೀತು.”

ಎರಡನ್ನೂ ನುಂಗಿದರು. ಆಮೇಲೆ ಮಾಡಿದ್ದು ನಮ್ಮವರು ಮಾತ್ರ ಮಾಡುವ ತಪ್ಪು. ಪ್ರಸಾದದ ತಾಟು ತೊಳೆದು ಕುಡಿದು ಅಭ್ಯಾಸ. ಬಟ್ಟಲಿಗೆ ಬಿಸಿನೀರು ಹಾಕಿ, ಬೆರಳಿನಿಂದ ಸುತ್ತಿ, ಕುಡಿದು ಕೆಳಗಿಟ್ಟರು. ಆ ಊರಲ್ಲಿ ಬಟ್ಟಲು ಖಾಲಿ ಎಂದರೆ ಅತಿಥಿಗೆ ಇನ್ನೂ ಹಸಿವು ಎಂದರ್ಥ. ಸಾಕಾಗಿದ್ದರೆ ಒಂದು ತುತ್ತು ಬಿಡಬೇಕು. ಇಷ್ಟು ಚೊಕ್ಕಟವಾಗಿ ತಿಂದ ಅತಿಥಿಯನ್ನು ಮುದುಕಿ ಕಂಡಿರಲಿಲ್ಲ. ಖುಷಿಯಿಂದ ಮತ್ತೆರಡು ಹಾಕಿದಳು. ಟೀಚರ್ ತಿಂದು ಮತ್ತೆ ತೊಳೆದು ಕುಡಿದರು. ಮತ್ತೆರಡು. ಕೊನೆಗೆ ಸೈಮಾ ಮೇಜಿನ ಕೆಳಗೆ ಕಾಲು ತುಳಿದು, “ಅರೆ ವಿದ್ಯಾ, ಏಕ್ ಛೋಡ್ ದೇ, ನೈತೋ ಸುಬೂತಕ್ ಖಾತೇಚ್ ರಹೇಂಗೀ,” ಎಂದಳಂತೆ. ಒಂದು ಬಿಡು, ಇಲ್ಲದಿದ್ದರೆ ಬೆಳಗಿನ ತನಕ ತಿನ್ನುತ್ತಲೇ ಇರುತ್ತಿ ಎಂದು. ಅಷ್ಟರಲ್ಲಿ ಆರು ಆಗಿದ್ದವು.

ಸೈಮಾ ಇನ್ನೂ ಅಲ್ಲೇ ಇದ್ದಾಳೆ. ಫೋನಿನಲ್ಲಿ ಅವಳ ಸಲಹೆ ಒಂದೇ: ತಿಂದಿಲ್ಲ ಅನ್ನು, ಯಾರು ನೋಡಿದ್ದಾರೆ.

ಹೇಳುವಷ್ಟರಲ್ಲಿ ಪಲ್ಯ ಮುಗಿದಿತ್ತು. ಕಡ್ಡಿಗಳನ್ನು ಗುಡಿಸುತ್ತಿರುವಾಗ ರುಕ್ಮಿಣಿಬಾಯಿ ಹೊರಗೆ ಬಂದರು. ಅವತ್ತು ಅವರಿಗೆ ಕೆಲಸಕ್ಕೆ ಕೈ ಸಾಲದಾಗಿತ್ತು. ಮುಡಬಿಯ ಕಡೆಯಿಂದ ಆಗಷ್ಟೇ ಎರಡು ಟೆಂಪೋ ಜನ ಬಂದಿದ್ದರು, ಮುಂದಿನ ಪಾಳಿಗೆ ರೊಟ್ಟಿ ಬಡಿಯುವ ಇಬ್ಬರು ಬಂದಿರಲಿಲ್ಲ. ಅವರು ಕಟ್ಟೆಯ ಮೇಲೆ ಕೂತು, ದನಿ ಇಳಿಸಿ ಹೇಳಿದರು.

“ನೋಡವಾ, ನಾ ಏನೂ ಬಿಡಿಸಿ ಕೇಳಂಗಿಲ್ಲ. ಕೊಳ್ಳಾಗ ಲಿಂಗ ಅದ. ಕೈಯಾಗ ಹಿಡಕೊಂಡು, ತಿಂದಿಲ್ಲ ಅಂತ ಒಂದ್ ಮಾತ್ ಅನ್ನು. ಈಗಿಂದೀಗ ಹಂಚಿನ ಮುಂದ ಕೂಡು.”

ಅದು ಕರುಣೆಯೇ. ನನಗೂ ಗೊತ್ತಾಯಿತು. ಟೀಚರ್‌ನ ಕೈ ಕೊರಳಿನ ಕರಡಿಗೆಯತ್ತ ಹೋಯಿತು. ಬೆಳ್ಳಿಯ ಆ ಪುಟ್ಟ ಡಬ್ಬಿಯನ್ನು ಮುಚ್ಚಿ ಹಿಡಿದರು. ಒಳಗೆ ಹಂಚುಗಳು ಕಾದಿದ್ದವು, ಹಿಟ್ಟಿನ ಘಮ ಬರುತ್ತಿತ್ತು. ಅವರಿಗೆ ಬೇಕಾಗಿದ್ದು ಅಲ್ಲಿ, ಹತ್ತು ಹೆಜ್ಜೆ ಆಚೆ ಇತ್ತು.

“ತಿಂದೇನ್ರಿ ಅವ್ವಾ,” ಎಂದರು. “ಆರು.”

ಆಮೇಲೆ ಎಲ್ಲವನ್ನೂ ಹೇಳಿದರು. ಮುದುಕಿಯ ಪೊರೆ ಬಂದ ಕಣ್ಣು, ಬಟ್ಟಲು ತೊಳೆದು ಕುಡಿದದ್ದು, ಮತ್ತೆ ಹಾಕಿದ್ದು. ದನಿಯಲ್ಲಿ ಅಳುವೂ ಇರಲಿಲ್ಲ, ವಾದವೂ ಇರಲಿಲ್ಲ. ಬಹಳ ದೂರ ಹೊತ್ತುಕೊಂಡು ಬಂದದ್ದನ್ನು ಇಳಿಸುವವರ ಹಾಗೆ ಒಂದೊಂದೇ ಮಾತು ಇಟ್ಟರು. ರುಕ್ಮಿಣಿಬಾಯಿ ನಡುವೆ ಒಮ್ಮೆ ಮಾತ್ರ, ಆ ಮುದುಕಿ ಒಬ್ಬಳೇ ಅಷ್ಟೂ ಮಾಡಿದಳೇನು ಎಂದು ಕೇಳಿದರು. ಹೌದು, ಬೆಳಿಗ್ಗೆಯಿಂದ ಎಂದರು ಟೀಚರ್.

ರುಕ್ಮಿಣಿಬಾಯಿ ಕಟ್ಟೆಯ ಮೇಲೆ ಬಿದ್ದಿದ್ದ ಎಲೆಯೊಂದನ್ನು ಎತ್ತಿ ಬುಟ್ಟಿಗೆ ಹಾಕಿದರು.

“ಸುಳ್ಳು ಹೇಳಿದ್ದರ ಕರಕೊಂಡು ಹೋಗ್ತಿದ್ದೆ,” ಎಂದರು.

“ಗೊತ್ತದರಿ.”

“ಹಿಟ್ಟಿಗೆ ಕೈ ಹಚ್ಚು ಅನ್ನಾಕ ನನಗ ಬಾಯಿ ಬರಂಗಿಲ್ಲ, ವಿದ್ಯಾ. ನನ್ನ ಅತ್ತಿ ಹಾಕಿಕೊಟ್ಟ ನೇಮ ಅದು. ಮುರಿಲಾಕ ನನಗ ಆಗಂಗಿಲ್ಲ.”

ಮಠದ ಸ್ವಾಮಿಗಳನ್ನು ಕೇಳಬಹುದು ಎಂದು ನಾನೇ ಬಾಯಿ ಹಾಕಿದೆ. ಟೀಚರ್ ಬೇಡವೆಂದು ತಲೆಯಾಡಿಸಿದರು. ಇನ್ನೊಬ್ಬರ ಮುಂದೆ ಮತ್ತೆ ಮೊದಲಿನಿಂದ ಹೇಳುವ ಶಕ್ತಿ ತನಗಿಲ್ಲ ಎಂದರು.

ರುಕ್ಮಿಣಿಬಾಯಿ ಮೊಣಕಾಲು ಹಿಡಿದುಕೊಂಡು ಎದ್ದರು. ಒಳಗೆ ಹೋದವರು ಬೇಳೆಸಾರಿನ ಬಕೆಟ್ಟು, ಸೌಟು ತಂದು ಟೀಚರ್‌ನ ಮುಂದೆ ಇಟ್ಟರು. ಬಡಿಸುವ ಕೆಲಸವನ್ನು ಅವರು ಯಾರಿಗೂ ಸುಲಭಕ್ಕೆ ಕೊಡುವವರಲ್ಲ. ಹಸಿದವರನ್ನು ಮುಖ ನೋಡಿ ಗುರುತಿಸುವುದು ಎಲ್ಲರಿಗೂ ಬರುವುದಿಲ್ಲ ಎನ್ನುತ್ತಿದ್ದರು.

“ಪಂಕ್ತಿ ಕೂತದ,” ಎಂದರು.

ಟೀಚರ್ ಹಂಚುಗಳ ಕಡೆ ನೋಡಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಬಕೆಟ್ಟಿನ ಭಾರಕ್ಕೆ ಒಂದು ಬದಿಗೆ ಬಾಗಿ, ಮುಡಬಿಯವರ ಸಾಲಿನತ್ತ ನಡೆದರು. ನಾನು ಒಳಗೆ ಹೋಗಿ, ಬಾರದವರ ಪಾಲಿನ ಹಿಟ್ಟನ್ನೂ ನಾದತೊಡಗಿದೆ.