ಆಯೇರಿ ಸೀರೆಗಾಗಿ ಏರಿಸಿದ ವೋಲ್ಟೇಜು

ನನಗೊಂದು ಕೆಟ್ಟ ಚಟ. ಯಾವ ಯಂತ್ರ ಕೈಗೆ ಸಿಕ್ಕರೂ ಅದರ ತಾಕತ್ತಿಗಿಂತ ಜೋರಾಗಿ ಓಡಿಸಬೇಕು. ಮದುವೆ ವಿಡಿಯೋ ಮಾಡಿಕೊಡುತ್ತಿದ್ದ ನನ್ನ ಹಳೆಯ ಕಂಪ್ಯೂಟರಿನ ಪ್ರೊಸೆಸರಿಗೂ ಅದೇ ಗತಿ ಬಂತು.

ಆಗ ನಮ್ಮ ಅವ್ವನಿಗೂ ಅವಳ ಅಕ್ಕ, ಗುಡಗೇರಿಯ ದೊಡ್ಡವ್ವನಿಗೂ ಮಾತು ನಿಂತು ನಾಲ್ಕು ತಿಂಗಳಾಗಿತ್ತು. ತನ್ನ ಮಗಳ ಮದುವೆಯಲ್ಲಿ ತಂಗಿ ಆಯೇರಿ ಸೀರೆ, ಅಂದರೆ ಉಡುಗೊರೆಯ ಸೀರೆ, ಕೊಡಲಿಲ್ಲ ಎಂದು ದೊಡ್ಡವ್ವನ ಸಿಟ್ಟು. ಸ್ಟೇಜಿನ ಮೇಲೆ ಎಲ್ಲರೆದುರು ಕೈಯಲ್ಲೇ ಕೊಟ್ಟೆ ಎಂದು ಅವ್ವನ ಹಟ. ಹಬ್ಬಕ್ಕೆ ಹೋಳಿಗೆ ಮಾಡಿದ ದಿನ ಅವ್ವ ಅಕ್ಕನನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಮದುವೆಯ ವಿಡಿಯೋ ತೆಗೆದವನು ನಾನೇ. ಆದರೆ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ಊಟಕ್ಕೆ ಕೂತಿದ್ದೆ, ಫೈಲನ್ನು ಇನ್ನೂ ತೆರೆದೂ ಇರಲಿಲ್ಲ, ಹಾಗಾಗಿ ನಡೆದದ್ದೇನೆಂದು ನನಗೂ ಗೊತ್ತಿರಲಿಲ್ಲ.

"ವಿಡಿಯೋ ನೋಡೇ ಬಿಡೂಣು," ಎಂದು ದೊಡ್ಡವ್ವ ಒಂದು ಮುಂಜಾನೆ ರೈಲು ಹತ್ತಿ ಬಂದು ಕುರ್ಚಿ ಹಿಡಿದಳು. ಅವ್ವ ಇನ್ನೊಂದು ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಳು.

ಕ್ಯಾಮೆರಾದ ಫೈಲು ಭಾರಿ ದೊಡ್ಡದು, ಸಣ್ಣದು ಮಾಡದೆ ನನ್ನ ಕಂಪ್ಯೂಟರಿನಲ್ಲಿ ಓಡದು. ಆರು ತಾಸಿನ ಆ ಕೆಲಸವನ್ನು ಮೂರರಲ್ಲಿ ಮುಗಿಸುವ ಉಮೇದಿನಿಂದ ಪ್ರೊಸೆಸರಿನ ವೇಗ ಏರಿಸಿದೆ. ಅರ್ಧಕ್ಕೆ ನೀಲಿ ಪರದೆ ಬಂದು ಎಲ್ಲ ನಿಂತಿತು. ಆ ವೇಗಕ್ಕೆ ವೋಲ್ಟೇಜ್ ಸಾಲುತ್ತಿಲ್ಲವೆಂದು ಅದನ್ನೂ ಏರಿಸಿದೆ. ಈ ಸಲ ಪ್ರೊಸೆಸರ್ ಕಾದು ಕಂಪ್ಯೂಟರ್ ತಾನೇ ಬಂದ್ ಆಯಿತು. ಫ್ಯಾನು ಬಿಚ್ಚಿ ಎರೆಹೊಲದ ಧೂಳನ್ನೆಲ್ಲ ಊದಿದೆ. ಊಹೂಂ! ವೋಲ್ಟೇಜ್ ಇಳಿಸಿದರೆ ನೀಲಿ ಪರದೆ, ಏರಿಸಿದರೆ ಬೆಂಕಿಯಂಥ ಕಾವು.

"ಏನ್ ಮಾಡಾಕತ್ತೀಲೇ?" ಎಂದಳು ದೊಡ್ಡವ್ವ.

"ಕರೆಂಟ್ ಹೊಂದಸಾಕತ್ತೇನಿ."

"ಮುಂಜಾನಿಂದ ಹೊಂದಸಾಕತ್ತಾನ ನೋಡಬೇ," ಎಂದು ಅವಳು ಅವ್ವನ ಕಡೆ ತಿರುಗಿದಳು. ನಾಲ್ಕು ತಿಂಗಳಲ್ಲಿ ಅದೇ ಮೊದಲ ಮಾತು.

"ಸಣ್ಣಾಂವ ಇದ್ದಾಗಿಂದ ಹಿಂಗ ಅಕ್ಕಾ. ನನ್ನ ಹೊಸಾ ಮಿಕ್ಸರ್ ಸುಟ್ಟಾಂವ ಇವನ."

"ನಮ್ಮನಿ ರೇಡಿಯೋ ಬಿಚ್ಚಿ ಕೆಡಿಸಿದಾಂವನೂ ಇವನ!"

ಮೂರನೆಯ ಸಲ ನಿಂತಾಗ ಇಬ್ಬರೂ ಸೇರಿ ನನ್ನ ಜನ್ಮ ಜಾಲಾಡಿದರು. ಕಡೆಗೆ ಸೊಕ್ಕು ಮುರಿದು ವೇಗ ಇಳಿಸಿದೆ. ಆಗ ಸುಮ್ಮನೆ ಓಡಿತು. ಸಂಜೆ ಕೆಲಸ ಮುಗಿಯುವಷ್ಟರಲ್ಲಿ ಅಕ್ಕತಂಗಿಯರು ಒಂದೇ ತಾಟಿನಲ್ಲಿ ರೊಟ್ಟಿ ಉಂಡು, ನಗುತ್ತ ಚಹಾ ಕಾಸಲು ಒಳಗೆ ಹೋಗಿದ್ದರು.

ಅವರು ಬರುವುದರೊಳಗೆ ನಾನು ನೋಡಿಬಿಟ್ಟೆ. ಅವ್ವ ಸೀರೆಯ ಪೊಟ್ಟಣವನ್ನು ಬಗಲಲ್ಲಿಟ್ಟುಕೊಂಡು ಸ್ಟೇಜ್ ಹತ್ತಿದಳು, ಅಕ್ಕನನ್ನು ತಬ್ಬಿ ಅತ್ತಳು, ಫೋಟೋಕ್ಕೆ ನಿಂತಳು, ಪೊಟ್ಟಣ ಬಗಲಲ್ಲಿ ಹಾಗೇ ಇಟ್ಟುಕೊಂಡು ಇಳಿದಳು. ಅಯ್ಯೋ ನನ್ನವ್ವ!

"ಹಚ್ಚಲೇ, ಬಂದ್ವಿ," ಒಳಗಿನಿಂದ ದೊಡ್ಡವ್ವ ಕೂಗಿದಳು.

ಈ ಸಲ ಕಂಪ್ಯೂಟರ್ ನಡುವೆ ನಿಲ್ಲಲೆಂದೇ ಅವಸರದಲ್ಲಿ ವೇಗವನ್ನು ಪೂರ್ತಿ ಏರಿಸಿದೆ, ವೋಲ್ಟೇಜ್ ಇಳಿಸಿದೆ, ಹಿಂದೆ ಇನ್ನೊಂದು ದೊಡ್ಡ ಫೈಲನ್ನೂ ಹಚ್ಚಿ ಹೊರೆ ಹೇರಿದೆ. ಇಬ್ಬರೂ ಚಹಾ ಹಿಡಿದು ಕೂತರು. ತೆರೆಯ ಮೇಲೆ ಅವ್ವ ಸ್ಟೇಜಿನ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಅಷ್ಟರಲ್ಲಿ ನೀಲಿ ಪರದೆ ಬಂತು.

"ನಿನ್ನ ಕಡಿಂದ ಏನೂ ಆಗೂದಿಲ್ಲ ಬಿಡಲೇ," ಎಂದಳು ದೊಡ್ಡವ್ವ.

"ಅಗದಿ ಖರೇ ಅಕ್ಕಾ," ಎಂದಳು ಅವ್ವ.

ಆ ಮದುವೆಯ ವಿಡಿಯೋದಲ್ಲಿ ಇವತ್ತಿಗೂ ಎರಡು ನಿಮಿಷ ಕಡಿಮೆ, ಆಮೇಲೆ ನಾನೇ ಕತ್ತರಿಸಿದ್ದು. ಯಾರೂ ಕೇಳಿಲ್ಲ.