ಮನ್ನಾ ಮಾಷ್ಟ್ರು
ತಲ್ಲೂರಿನ ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ಕೂರುವ ಸೀನ ಮಾಷ್ಟ್ರಿಗೆ ಊರವರಿಟ್ಟ ಹೆಸರು ಮನ್ನಾ ಮಾಷ್ಟ್ರು. ಜಾಣ ಮಕ್ಕಳು ವಿದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವಾಗ, ಅರ್ಜಿ ಶುಲ್ಕ ಕಟ್ಟುವ ತಾಕತ್ತು ಆ ಮನೆಗಿಲ್ಲವೆಂದು ಪತ್ರ ಬರೆಸಿ ಆ ಶುಲ್ಕವನ್ನು ಮನ್ನಾ ಮಾಡಿಸುವುದೇ ನಿವೃತ್ತಿಯ ಬಳಿಕ ಅವರ ಕೆಲಸ. ಬಂದವರಿಗೆ ಕೂರಲು ಹೇಳುವ ಮೊದಲೇ, "ಮನಿಯಗೆ ಎಂತ ಇಲ್ಲೆ, ಅದ್ನ್ ಹೇಳ್" ಎನ್ನುತ್ತಾರೆ. ಫ್ರಿಜ್ ಇದೆ ಎಂದವರನ್ನು ವೈರಿಯಂತೆ ನೋಡುತ್ತಾರೆ. ಮಾಡು ಸೋರುತ್ತದೆ ಎಂದರೆ ಮುಖ ಅರಳುತ್ತದೆ. ಬರೆದದ್ದರಲ್ಲಿ ಚಂದದ್ದೇನಾದರೂ ಕಂಡರೆ ಕೆಂಪು ಪೆನ್ನಿನಿಂದ ಹೊಡೆದು, "ಖುಷಿ ಬರ್ದ್ರೆ ಮನ್ನಾ ಆತಿಲ್ಲೆ ಮಗಾ" ಎಂದು ಗದರುತ್ತಾರೆ. ಕೋಡಿಯ ಶರಣ್ಯಾಳ ಅಪ್ಪ ಅಳಿವೆಯಲ್ಲಿ ದೋಣಿ ಮಗುಚಿ ಸತ್ತವನು. ಅವನ ಬಗ್ಗೆ ಅವಳು ಕೈಯಲ್ಲೇ ಎರಡು ಪುಟ ಬರೆದು ತಂದಿದ್ದಳು. ಒಂದು ವಿಶ್ವವಿದ್ಯಾಲಯ ಇನ್ನೂರೈವತ್ತು ಪದ ಸಾಕೆಂದಿತು, ಇನ್ನೊಂದು ನೂರು, ಕೊನೆಯದು ಐವತ್ತು. ಬಲೆ ಹೆಣೆಯುತ್ತ ಅಪ್ಪ ಮಗ್ಗಿ ಕೇಳುತ್ತಿದ್ದದ್ದು, ಬಂಗುಡೆಯ ಮುಳ್ಳು ಬಿಡಿಸಿ ತಿನ್ನಿಸುತ್ತಿದ್ದದ್ದು ಮಾಷ್ಟ್ರ ಕೆಂಪು ಪೆನ್ನಿಗೆ ಒಂದೊಂದಾಗಿ ಹೋಗಿ, ಸಾವು ಮಾತ್ರ ಉಳಿಯಿತು. ಮೂರೂ ಕಡೆ ಶುಲ್ಕ ಮನ್ನಾ ಆಯಿತು. ಸುದ್ದಿ ಹೇಳಲು ಬಂದವಳು, "ಈಗ ನಂಗೂ ಅಪ್ಪಯ್ಯ ಅಂದ್ರೆ ಅಷ್ಟೇ ನೆನ್ಪ್ ಬಪ್ದ್, ಸರ್" ಎಂದಳು. ಅಂದಿನಿಂದ ಮಾಷ್ಟ್ರು ಹೊಡೆದುಹಾಕಿದ ಸಾಲುಗಳನ್ನೆಲ್ಲ ಬೇರೊಂದು ಹಾಳೆಯಲ್ಲಿ ಬರೆದು ಮಕ್ಕಳ ಕೈಗೆ ವಾಪಸು ಕೊಡುತ್ತಾರೆ. ಶರಣ್ಯಾಳ ಎರಡು ಪುಟಗಳನ್ನು ಮಾತ್ರ ಅವರು ಆಗಲೇ ರದ್ದಿಗೆ ಹಾಕಿಬಿಟ್ಟಿದ್ದರು.